ಕೆಂಪು ಕಾರಿನವರಿಗೆ ಹೇಳಿ

ಸುಸಾಕಿಯ ಅರ್ಧ ಊರಿಗೆ ಗಾಡಿ ಓಡಿಸಲು ಕಲಿಸಿದವಳು ಕುಸುನೊಸೆ ಚಿಜುರು. ಕಲಿತ ಆ ಅರ್ಧ ಊರು ದಾರಿಯಲ್ಲಿ ಅವಳನ್ನು ಕಂಡರೆ ಮುಖ ಆಚೆ ತಿರುಗಿಸುತ್ತಿತ್ತು. ಅವರ ತಪ್ಪೂ ಇಲ್ಲ ಅನ್ನಿ. ಡ್ರೈವಿಂಗ್ ಶಾಲೆಯ ಕಾರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಎಡಗಡೆ ಸೀಟಿನಲ್ಲಿ ಕೂತು, ಕಾಲಡಿಗೆ ತನ್ನದೇ ಒಂದು ಬ್ರೇಕ್ ಇಟ್ಟುಕೊಂಡು, "ಕನ್ನಡಿ ನೋಡಿದ್ರಾ? ಇಲ್ಲ, ನೋಡ್ಲಿಲ್ಲ. ನೀವು ನೋಡ್ದೇ ಇದ್ದಿದ್ದನ್ನ ನಾನು ನೋಡ್ದೆ" ಎಂದು ಕುಟುಕಿದ ಹೆಂಗಸು. ಅಂಥವಳು ಮೀನಂಗಡಿಯಲ್ಲಿ ಎದುರಾದರೆ ಯಾರಿಗೆ ತಾನೇ ನಿಂತು ಮಾತಾಡಿಸಬೇಕು ಅನ್ನಿಸೀತು? ಲೈಸೆನ್ಸ್ ಕೈಗೆ ಬಂದ ದಿನ ಎಲ್ಲರೂ ಸೊಂಟ ಬಗ್ಗಿಸಿ ವಂದಿಸುತ್ತಿದ್ದರು. ಮಾರನೆಯ ದಿನದಿಂದ ಅವಳು ಯಾರೋ, ಅವರು ಯಾರೋ.

ಹೋಗಲಿ, ಊರಾದರೂ ಮೌನದ ಊರೇ? ಕೊಚಿ ಸೀಮೆಯ ಜನ ಗುರುತಿಲ್ಲದವನ ಕೈಗೂ ತಮ್ಮ ಬಟ್ಟಲನ್ನೇ ಕೊಟ್ಟು, ಸಾಕೆ ಎಂಬ ಅಕ್ಕಿಯ ಹೆಂಡ ಸುರಿದು, "ಕುಡಿ ಮಾರಾಯ" ಎಂದು ಬೆನ್ನು ತಟ್ಟುವವರು. ಇಂಥ ಕಡೆ ಒಂಟಿಯಾಗಿರುವುದೆಂದರೆ ಮದುವೆ ಮನೆಯಲ್ಲಿ ಹಸಿದು ಕೂತ ಹಾಗೆ. ಚಿಜುರುಗೆ ಐವತ್ಮೂರು. ಮದುವೆಯಾಗಿರಲಿಲ್ಲ. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುತ್ತ ಹದಿನಾಲ್ಕು ವರ್ಷ ಕಳೆದಿದ್ದವು. ಆ ತಾಯಿಯೂ ಹೋಗಿ ಎರಡು ವರ್ಷ. ಸಂಜೆ ಮನೆಗೆ ಬಂದಾಗ ಬಾಗಿಲಲ್ಲಿ ಚಪ್ಪಲಿ ಬಿಡುತ್ತ "ಬಂದೆ" ಎನ್ನುವ ರೂಢಿ ಅವಳಿಗೆ ಬಿಟ್ಟಿರಲಿಲ್ಲ. "ಬಂದ್ಯಾ" ಎನ್ನುವವರು ಇರಲಿಲ್ಲ, ಅಷ್ಟೆ.

ತಾಯಿಯ ಪುಟ್ಟ ಡಬ್ಬಿ ಕಾರನ್ನು ಮಾರಿಬಿಡೋಣ ಎಂದು ಹೋದ ಸೆಪ್ಟೆಂಬರಿನಲ್ಲಿ ತೊಕುಹಿರೊನ ಗ್ಯಾರೇಜಿಗೆ ಹೋದಳು. ತೊಕುಹಿರೊ ಹಳೆಯ ಕಾರು ಕೊಂಡು ಮಾರುವವನು, ಅವಳಿಗಿಂತ ಆರು ವರ್ಷ ಚಿಕ್ಕವನು. ಅವಳ ಕೈಕೆಳಗೆ ನಾಲ್ಕು ಸಲ ಫೇಲಾಗಿ ಐದನೇ ಸಲಕ್ಕೆ ಪಾಸಾದವನು. ಆ ಸೇಡಿಗೋ ಆ ಸಲಿಗೆಗೋ, ಇಡೀ ಊರಲ್ಲಿ ಅವಳನ್ನು ಚುಡಾಯಿಸುವ ಧೈರ್ಯ ಇದ್ದವನು ಅವನೊಬ್ಬನೇ.

ಅಂಗಳದ ಮೂಲೆಯಲ್ಲಿ ಒಂದು ಕೆಂಪು ಕಾರು ನಿಂತಿತ್ತು. ಎರಡೇ ಸೀಟು, ಮೇಲೆ ಮಡಚಿಡಬಹುದಾದ ಕಪ್ಪು ಬಟ್ಟೆಯ ಹೊದಿಕೆ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡು ಕೂತ ಬೆಕ್ಕಿನ ಹಾಗೆ. ಗಾಜಿಗೆ ಅಂಟಿಸಿದ ಬೆಲೆಚೀಟಿಯ ಸೊನ್ನೆಗಳನ್ನು ಚಿಜುರು ಎರಡು ಸಲ ಎಣಿಸಿದಳು.

"ಏಳು ಲಕ್ಷ ಎಂಬತ್ತು ಸಾವಿರ ಯೆನ್ನಾ? ತೊಕುಹಿರೊ, ಒಂದು ಸೊನ್ನೆ ತಿಂದುಬಿಟ್ಯೇನೋ?"

"ಇಲ್ಲ ಅಕ್ಕೋರೆ, ಬೆಲೇನೇ ಮಕಾಡೆ ಮಲಗೈತೆ. ನಾಲ್ಕು ವರ್ಷದ ಹಿಂದೆ ಈ ಕಾರಿನ ರೇಟು ಕೇಳಿದ್ರೆ ಎದೆ ಒಡ್ಕೊಳ್ಳೋದು. ಹೊರದೇಶದೋರು ಹಡಗುಗಟ್ಟಲೆ ತುಂಬ್ಕೊಂಡು ಹೋಗೋರು. ಈಗ ಅವರ ಹುಚ್ಚು ಬೇರೆ ಕಡೆ ತಿರುಗೈತೆ. ಇತ್ಲಾಗೆ ನಮ್ಮೋರು, ಹರೇದಲ್ಲಿ ಇವನ್ನ ಕೊಂಡೋರೆಲ್ಲ ಈಗ ಸೊಂಟ ಹಿಡ್ಕೊಂಡವ್ರೆ. ಒಳಗೆ ಇಳಿಯೋಕೆ ಆಗ್ತದೆ, ಎದ್ದು ಬರೋಕೆ ಆಗಲ್ಲ. ದಿನಾ ಒಬ್ಬ ತಂದು ನಿಲ್ಲಿಸಿ ಹೋಗ್ತಾನೆ. ಮಾರೋರೇ ಎಲ್ಲ, ಕೊಳ್ಳೋರಿಲ್ಲ."

"ಮತ್ತೆ ಇದನ್ನ ಯಾರು ತಗೋತಾರೆ?"

"ನಿಮ್ಮಂಥೋರು."

"ನನ್ನಂಥೋರು ಅಂದ್ರೆ?"

"ಪಕ್ಕದ ಸೀಟಲ್ಲಿ ಯಾರನ್ನ ಕೂರಿಸ್ಕೋಬೇಕು ಅನ್ನೋ ಯೋಚ್ನೆ ಇಲ್ದೋರು" ಎಂದುಬಿಟ್ಟ ತೊಕುಹಿರೊ. ಅಂದಮೇಲೆ ನಾಲಿಗೆ ಕಚ್ಚಿಕೊಂಡ.

ಆ ಮಾತು ಚುಚ್ಚಿತು. ಚುಚ್ಚಿದ್ದಕ್ಕೇ ಕೊಂಡಳೋ ಏನೋ. ತಾಯಿಯ ಆಸ್ಪತ್ರೆಗೆಂದು ಎತ್ತಿಟ್ಟ ಹಣ ಹಾಗೇ ಇತ್ತು. ಅದು ಖರ್ಚಾಗುವಷ್ಟು ದಿನ ತಾಯಿ ಉಳಿಯಲಿಲ್ಲ. ಇಪ್ಪತ್ತೊಂಬತ್ತು ವರ್ಷ ಇನ್ನೊಬ್ಬರು ಓಡಿಸುವುದನ್ನು ನೋಡುವುದೇ ಕೆಲಸವಾದವಳಿಗೆ, ತನ್ನ ಕೈಯಲ್ಲೇ ಗೇರು ಬದಲಿಸುತ್ತ, ಯಾರಿಗೂ ಏನೂ ಹೇಳದೆ, ಮುಖವನ್ನು ಗಾಳಿಗೆ ಕೊಟ್ಟು ಬೆಟ್ಟ ಹತ್ತಬೇಕು ಅನ್ನಿಸಿತು. ಕಾರು ಕೊಳ್ಳುವಾಗಿನ ನಿಯಮದಂತೆ, ಅದನ್ನು ನಿಲ್ಲಿಸಲು ಜಾಗ ಇದೆಯೋ ಇಲ್ಲವೋ ಎಂದು ಪೊಲೀಸ್ ಠಾಣೆಯಿಂದ ಒಬ್ಬರು ಬಂದು ಮನೆಯ ಮುಂದೆ ಅಳತೆ ಹಿಡಿದು ನೋಡಿದರು. ಜಾಗಕ್ಕೇನು ಕೊರತೆ, ಮನೆ ತುಂಬ ಜಾಗವೇ.

ಕಾರು ತರಲು ಹೋದ ದಿನ ಬೀಗದಕೈ ಇಸಿದುಕೊಂಡು, ನೆಟ್ಟಗೆ ಹೋಗಿ ಎಡಗಡೆ ಬಾಗಿಲು ತೆಗೆದು ಕೂತುಬಿಟ್ಟಳು. ಕೂತು ಬೆಲ್ಟನ್ನೂ ಹಾಕಿಕೊಂಡಳು.

"ಅಕ್ಕೋರೆ" ಎಂದ ತೊಕುಹಿರೊ ಕಿಟಕಿಗೆ ಬಗ್ಗಿ, "ಡ್ರೈವರ್ ಬರೋಗಂಟ ಕಾಯ್ತೀರಾ?"

ಅವನು ನಕ್ಕ ನಗು ಬಂದರಿನ ತನಕ ಕೇಳಿಸಿತು.

ಮೊದಲ ಭಾನುವಾರ ಅವಳು ಬೆಳಿಗ್ಗೆ ಏಳಕ್ಕೇ ಹೊರಟು ಹಾಯಾಮಾದ ಕಡೆಯ ಬೆಟ್ಟದ ದಾರಿ ಹಿಡಿದಳು. ಶಾಲೆಯ ಪೈಕಿ ಯಾರಾದರೂ ನೋಡಿ ಆಡಿಕೊಂಡಾರು ಎಂದು ಅಗಲ ಅಂಚಿನ ಟೋಪಿ ಇಟ್ಟು, ಅದರ ಮೇಲೆ ಗದ್ದಕ್ಕೆ ಸುತ್ತಿ ಕಟ್ಟಿದ ಬಟ್ಟೆ, ಕಣ್ಣಿಗೆ ಕಪ್ಪು ಕನ್ನಡಕ. ಹೆತ್ತ ತಾಯಿಗೂ ಗುರುತು ಸಿಗುವ ಹಾಗಿರಲಿಲ್ಲ. ಎರಡನೇ ಸುರಂಗ ದಾಟಿ ಹೊರಬಂದಾಗ ಎದುರಿಗೆ ಅದೇ ಮಾದರಿಯ ಕಾರೊಂದು ಬಂತು, ಹಸಿರು ಬಣ್ಣದ್ದು. ಅದನ್ನು ಓಡಿಸುತ್ತಿದ್ದವರು ಅವಳತ್ತ ಕೈ ಎತ್ತಿದರು.

ಚಿಜುರು ಗಾಬರಿಯಾದಳು. ಏನೋ ಆಗಿದೆ! ಬಾಗಿಲು ಸರಿಯಾಗಿ ಹಾಕಿಲ್ಲವೇ? ದೀಪ? ಚಕ್ರ? ರಸ್ತೆ ಪಕ್ಕಕ್ಕೆ ನಿಲ್ಲಿಸಿ, ಇಳಿದು, ನಾಲ್ಕೂ ಟೈರು ಒದ್ದು ನೋಡಿದಳು. ಬಗ್ಗಿ ಅಡಿಗೆ ನೋಡಿದಳು. ಎಲ್ಲ ನೆಟ್ಟಗಿತ್ತು. ಮುಂದೆ ಹೋಗುವ ಮನಸ್ಸಾಗದೆ ಅಲ್ಲಿಂದಲೇ ತಿರುಗಿ ಸೀದಾ ಗ್ಯಾರೇಜಿಗೆ ತಂದಳು.

"ಅಯ್ಯಯ್ಯೋ" ಎಂದು ತೊಕುಹಿರೊ ಪಾನಾ ಕೆಳಗಿಟ್ಟ. "ಅದು ನಮಸ್ಕಾರ ಅಕ್ಕೋರೆ! ಈ ಕಾರಿನೋರು ಎದುರುಬದುರಾದ್ರೆ ಕೈ ಎತ್ಬೇಕು. ಯಾರು, ಯಾವೂರು, ಕೇಳಂಗಿಲ್ಲ. ಕಾರು ಒಂದೇ ಆದ್ರೆ ನೆಂಟರೇ. ನೀವೇನ್ ಮಾಡಿದ್ರಿ?"

"ಇಳಿದು ಟೈರ್ ನೋಡ್ದೆ."

"ಪಾಪ, ಅವ್ರು ಏನಂದ್ಕೊಂಡ್ರೋ. ನಮಸ್ಕಾರ ಮಾಡಿದ್ರೆ ಟೈರ್ ಒದೀತಾಳಲ್ಲ ಈ ಹೆಂಗಸು ಅಂತ."

ಅವಳೂ ನಕ್ಕಳು. ಆದರೆ ಆ ಇಡೀ ವಾರ ಆ ಎತ್ತಿದ ಕೈ ಅವಳ ತಲೆಯಲ್ಲೇ ಕೂತಿತ್ತು. ಯಾರೋ ತನಗೆ ಕೈ ಎತ್ತಿದರು, ತಾನು ವಾಪಸ್ ಎತ್ತಲಿಲ್ಲ. ಮುಂದಿನ ಭಾನುವಾರ ಅದೇ ಹೊತ್ತಿಗೆ ಹೊರಟಳು. ಏಳೂ ನಲವತ್ತಕ್ಕೆ, ಅದೇ ಸುರಂಗದ ಆಚೆ, ಅದೇ ಹಸಿರು ಕಾರು. ಈ ಸಲ ಅವಳೇ ಮೊದಲು ಎತ್ತಿದಳು.

ಆಮೇಲೆ ಅದೊಂದು ಹುಚ್ಚೇ ಆಯಿತು. ಬೇರೆ ಕಾರುಗಳೂ ಸಿಗುತ್ತಿದ್ದವು, ಬೆಳ್ಳಿ ಬಣ್ಣದ್ದು, ನೀಲಿಯದು. ಒಂದು ಭಾನುವಾರ ಐದು, ಇನ್ನೊಂದು ಭಾನುವಾರ ಎರಡು. ಅವರೆಲ್ಲ ಸ್ಟೇರಿಂಗಿನ ಮೇಲಿಂದ ಎರಡು ಬೆರಳು ಎತ್ತಿ ಹೋಗುತ್ತಿದ್ದರು. ಹಸಿರು ಕಾರಿನವರದು ಹಾಗಲ್ಲ. ಬಿಳಿ ಟೋಪಿ, ಬಿಳಿ ಕೈಗವಸು. ಮೈ ಕೊರೆಯುವ ಚಳಿಯಲ್ಲೂ ಹೊದಿಕೆ ತೆಗೆದುಕೊಂಡು, ರಸ್ತೆ ದಾಟುವ ಒಂದನೇ ಕ್ಲಾಸಿನ ಮಗುವಿನ ಹಾಗೆ ತೋಳನ್ನು ನೆಟ್ಟಗೆ ಆಕಾಶಕ್ಕೆ ಎತ್ತುತ್ತಿದ್ದರು. ಡಿಸೆಂಬರ್ ಹೊತ್ತಿಗೆ ಬೇರೆ ಕಾರುಗಳೆಲ್ಲ ಮನೆ ಸೇರಿಕೊಂಡವು. ಹಸಿರು ಕಾರು ಮಾತ್ರ ತಪ್ಪಲಿಲ್ಲ. ವಾರದ ಏಳು ದಿನದಲ್ಲಿ ಅವಳಿಗೋಸ್ಕರ ಮೇಲೇಳುವ ಕೈ ಅದೊಂದೇ. ಎದುರಾಗಿ ದಾಟಿ ಹೋಗಲು ಎರಡು ಕ್ಷಣವೂ ಬೇಡ. ಆ ಎರಡು ಕ್ಷಣಕ್ಕಾಗಿ ಶನಿವಾರ ಸಂಜೆಯೇ ಕಾರು ಒರೆಸಿಡುತ್ತಿದ್ದಳು.

ಜನವರಿಯಲ್ಲಿ ಒಂದು ಭಾನುವಾರ ಹಸಿರು ಕಾರು ಬರಲಿಲ್ಲ. ಸುರಂಗದ ಬಾಯಲ್ಲಿ ಅರ್ಧ ಗಂಟೆ ಕಾದಳು. ಸೋಮವಾರ ಊಟ ಸೇರಲಿಲ್ಲ, ಬುಧವಾರ ಕಲಿಯುವವರ ಮೇಲೆಲ್ಲ ರೇಗಿದಳು. ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ, ಹೋಗಿ ಯಾರನ್ನು ಕೇಳುವುದು? ಮುಂದಿನ ಭಾನುವಾರ ಆ ಬಿಳಿ ಟೋಪಿ ತಿರುವಿನಲ್ಲಿ ಕಂಡಾಗ ಅವಳಿಗೆ ಎಷ್ಟು ಸಂತೋಷವಾಯಿತೆಂದರೆ, ಸ್ಟೇರಿಂಗ್ ಬಿಟ್ಟು ಎರಡೂ ಕೈ ಎತ್ತಿಬಿಟ್ಟಳು. ಪಾಠ ಹೇಳುವ ಮೇಡಮ್ಮು!

ಆ ಹುಚ್ಚು ಶಾಲೆಗೂ ಬಂತು. ಫೆಬ್ರವರಿಯ ಒಂದು ಮಂಗಳವಾರ, ಹೊಸದಾಗಿ ಕಲಿಯುತ್ತಿದ್ದ ನರ್ಸೊಬ್ಬಳ ಪಕ್ಕದಲ್ಲಿ ಕೂತು ಪೇಟೆಯ ರಸ್ತೆಯಲ್ಲಿ ಓಡಿಸಲು ಕಲಿಸುತ್ತಿದ್ದಳು. ಎದುರಿಗೆ ಹಸಿರು ಕಾರು! ಚಿಜುರುವಿನ ಕೈ ತಾನಾಗಿ ಎದ್ದಿತು. ಆ ಶಾಲೆಯಲ್ಲಿ ಮೇಡಂ ಕೈ ಎತ್ತಿದರೆ ನಿಲ್ಲಿಸು ಎಂದು ಅರ್ಥ. ನರ್ಸು ನಡುರಸ್ತೆಯಲ್ಲಿ ಗಕ್ಕನೆ ಬ್ರೇಕ್ ಒತ್ತಿದಳು. ಹಿಂದಿನ ಮೀನಿನ ವ್ಯಾನಿನವನು ಹಾರನ್ ಬಾರಿಸಿ, ಕಿಟಕಿಯಿಂದ ತಲೆ ಹೊರಹಾಕಿ, ಬಾಯಿಗೆ ಬಂದದ್ದನ್ನೆಲ್ಲ ಬೈದ.

"ಏನಾಯ್ತು ಮೇಡಂ? ನಾನೇನ್ ತಪ್ಪು ಮಾಡ್ದೆ?" ನರ್ಸಿನ ಕಣ್ಣಲ್ಲಿ ನೀರೇ ಬಂದಿತ್ತು.

"ನಿಮ್ಮದಲ್ಲ, ನಂದು. ನಡೀರಿ ನಡೀರಿ."

ಹಸಿರು ಕಾರು ಇತ್ತ ತಿರುಗಿಯೂ ನೋಡದೆ ಹೋಗಿತ್ತು. ಯಾಕೆ ನೋಡಬೇಕು? ಮಾಸ್ಕ್ ಹಾಕಿ, ಕೂದಲು ಬಿಗಿದು ಕಟ್ಟಿ, ಶಾಲೆಯ ಬಿಳಿ ಕಾರಿನ ಎಡಗಡೆ ಕೂತ ಹೆಂಗಸು ಅವರಿಗೆ ಏನಾಗಬೇಕು? ಕೆಂಪು ಕಾರಿನಿಂದ ಇಳಿದರೆ ತಾನು ಯಾರೂ ಅಲ್ಲ ಎಂಬುದು ಚಿಜುರುಗೆ ಅವತ್ತು ಚೆನ್ನಾಗಿಯೇ ತಿಳಿಯಿತು. ಇಷ್ಟರಲ್ಲೇ ಒಂದು ಭಾನುವಾರ ಸುರಂಗದ ಆಚೆ ಕಾರು ನಿಲ್ಲಿಸಿ, ಕೈಯಾಡಿಸಿ ಅವರನ್ನು ನಿಲ್ಲಿಸಿ, ಹೆಸರು ಹೇಳಿಬಿಡಬೇಕು ಎಂದುಕೊಂಡಳು. "ನಾನು ಕುಸುನೊಸೆ ಅಂತ." ಅಷ್ಟು ಸಾಕು. ಸ್ನಾನದ ತೊಟ್ಟಿಯಲ್ಲಿ ಕೂತು ಆ ಮಾತನ್ನು ನಾಲ್ಕೈದು ಸಲ ಗಟ್ಟಿಯಾಗಿ ಹೇಳಿಯೂ ನೋಡಿದಳು.

ಆ ವಾರದ ಶುಕ್ರವಾರ ಅವಳಿಗೆ ಮುದುಕರ ಪರೀಕ್ಷೆಯ ಪಾಳಿ ಬಂತು. ಎಪ್ಪತ್ತೈದು ದಾಟಿದವರು ಹಿಂದಿನ ಮೂರು ವರ್ಷದೊಳಗೆ ಕೆಂಪು ದೀಪವನ್ನೋ ಅಂಥದ್ದನ್ನೋ ಮೀರಿ ಸಿಕ್ಕಿಬಿದ್ದಿದ್ದರೆ, ಲೈಸೆನ್ಸ್ ಮುಂದುವರಿಸುವ ಮೊದಲು ಶಾಲೆಯ ಅಂಗಳದಲ್ಲಿ ಓಡಿಸಿ ತೋರಿಸಬೇಕು. ನೂರಕ್ಕೆ ಎಪ್ಪತ್ತು ಬಂದರೆ ಪಾಸು. ಆ ದಿನ ಬಂದವರು ನಿಶಿಮೊರಿ ಕನಮೆ ಎಂಬುವರು, ಎಪ್ಪತ್ತೆಂಟು ವರ್ಷ, ಹಾಯಾಮಾದ ಮೇಲೆ ಚಕ್ಕೋತದ ತೋಟ. ಹೋದ ವರ್ಷ ಅಲ್ಲಿನ ಮಕ್ಕಳ ಶಾಲೆಯ ಮುಂದಿನ ಕೆಂಪು ದೀಪ ದಾಟಿದ್ದರು. ಎರಡು ವಾರದ ಹಿಂದೆ ಬೇರೊಬ್ಬರ ಕೈಯಲ್ಲಿ ಒಮ್ಮೆ ಫೇಲಾಗಿದ್ದರು. ಲೈಸೆನ್ಸಿನ ಅವಧಿ ಮುಗಿಯುವುದು ಮಾರನೆಯ ದಿನಕ್ಕೆ. ಇವತ್ತು ಹೋದರೆ ಹೋಯಿತು.

ಮುದುಕರು ಸಣಕಲು ಆಳು, ಬಿಳಿ ಟೋಪಿ. ಬಿಳಿ ಟೋಪಿ ಈ ಕಡೆ ತೋಟದ ಮುದುಕರಿಗೆಲ್ಲ ಇರುತ್ತದೆ. ಚಿಜುರುಗೆ ಏನೂ ಅನ್ನಿಸಲಿಲ್ಲ. ಕಾರಿನ ಪರಿಚಯವಾಗಲು ಮೊದಲು ಒಂದು ಸುತ್ತು ಸುಮ್ಮನೆ ಓಡಿಸಬೇಕು, ಅದಕ್ಕೆ ಅಂಕವಿಲ್ಲ. ಆ ಸುತ್ತಿನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಅವಳು ಕೇಳಿದಳು.

"ಮಾಮೂಲಿ ಯಾವ ಗಾಡಿ ಓಡಿಸ್ತೀರಿ?"

"ತೋಟಕ್ಕೆ ಪುಟ್ಟ ಲಾರಿ ತಾಯೀ, ಇದರ ಥರಾನೇ ಕ್ಲಚ್ಚಿಲ್ಲದ್ದು. ಭಾನುವಾರಕ್ಕೆ, ಅಪರೂಪಕ್ಕೆ ಪೇಟೆಗೆ ಬರೋಕೆ ಬೇರೆ ಇದೆ" ಎಂದು ಮುದುಕರು ಗುಟ್ಟು ಹೇಳುವವರ ಹಾಗೆ ದನಿ ತಗ್ಗಿಸಿದರು. "ನಗಬಾರದು ಮತ್ತೆ. ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಹಸಿರುದು."

ಚಿಜುರುವಿನ ಕೈಯಲ್ಲಿದ್ದ ಪೆನ್ನು ನಿಂತಿತು.

"ನಲವತ್ತರಲ್ಲಿ ಆಸೆಪಟ್ಟೆ. ಆಗಿನ ಬೆಲೆ ನಮಗೆಲ್ಲಿ ಎಟುಕಬೇಕು? ಅರವತ್ತರಲ್ಲಿ ಇನ್ನೊಂದ್ಸಲ ಆಸೆಪಟ್ಟೆ. 'ಚಕ್ಕೋತದ ಮಂಕರಿ ಎಲ್ಲಿಡ್ತೀರಿ, ನನ್ನ ತಲೆ ಮೇಲಾ?' ಅಂತ ನಮ್ಮವಳು ಬೈದ್ಲು. ಎಪ್ಪತ್ತಾರಕ್ಕೆ ನೋಡಿ, ಬೆಲೆ ಇಳೀತು. ಅಷ್ಟೊತ್ತಿಗೆ ಬೈಯೋಕೆ ಅವಳೇ ಇರ್ಲಿಲ್ಲ. ಮಕ್ಕಳಿಲ್ಲ ಮರಿಯಿಲ್ಲ, ಕೇಳೋರ್ಯಾರು, ತಗೊಂಡೆ."

"ಎಡಕ್ಕೆ ತಿರುಗಿ" ಎಂದಳು ಚಿಜುರು.

"ಆ ಕಾರಿನೋರಿಗೆ ಒಂದು ಪದ್ಧತಿ ಇದೆ ತಾಯೀ. ಎದುರಾದ್ರೆ ಕೈ ಎತ್ತೋದು. ಒಂದು ಕೆಂಪು ಕಾರು ಬರುತ್ತೆ. ದೊಡ್ಡ ಟೋಪಿ. ಗಂಡಸೋ ಹೆಂಗಸೋ ಅದೂ ಗೊತ್ತಿಲ್ಲ. ಜನವರೀಲಿ ನನಗೆ ಜ್ವರ, ಒಂದು ವಾರ ಹೋಗಕ್ಕಾಗ್ಲಿಲ್ಲ. ಮುಂದಿನ ವಾರ ನನ್ನ ನೋಡಿ ಎರಡೂ ಕೈ ಎತ್ತಿಬಿಟ್ರು! ಎರಡೂ! ಸ್ಟೇರಿಂಗ್ ಬಿಟ್ಟು!" ಮುದುಕರು ನಕ್ಕರು. "ನೀವಾಗಿದ್ರೆ ಫೇಲ್ ಮಾಡ್ತಿದ್ರಿ ಅವರನ್ನ."

"ಮಾಡ್ತಿದ್ದೆ" ಎಂದಳು ಅವಳು ಮಾಸ್ಕಿನ ಒಳಗಿಂದ.

"ಮನೆಗೆ ಹೋಗಿ ನಮ್ಮವಳ ಫೋಟೋ ಮುಂದೆ ಕೂತು ಹೇಳ್ದೆ. ನೋಡೇ, ಹೋದ ವಾರ ನಾನು ಬರ್ಲಿಲ್ಲ ಅನ್ನೋದು ಒಬ್ಬರಿಗೆ ಗೊತ್ತಾಗಿದೆ ಅಂತ."

ಈಗ ಹೇಳಬೇಕಾಗಿತ್ತು. ಮಾಸ್ಕ್ ಕೆಳಗೆಳೆದು, ನಾನೇ ಅದು ಎಂದಿದ್ದರೆ ಮುಗಿಯುತ್ತಿತ್ತು. ಸ್ನಾನದ ತೊಟ್ಟಿಯಲ್ಲಿ ಹೇಳಿ ಹೇಳಿ ರೂಢಿಯಾಗಿದ್ದ ಮಾತು ಗಂಟಲ ತನಕ ಬಂತು. ಆದರೆ ಸುತ್ತು ಮುಗಿದಿತ್ತು; ಪರೀಕ್ಷೆಯ ಹಾಳೆ ತೊಡೆಯ ಮೇಲಿತ್ತು; ಪರೀಕ್ಷೆಗೆ ಕೂತವರ ಜೊತೆ ಸ್ನೇಹ ಹೇಳಿಕೊಂಡು ಅಂಕ ಹಾಕುವುದು ಹೇಗೆ? ಮುಗಿಯಲಿ, ಪಾಸಾಗಲಿ, ಆಮೇಲೆ ಹೇಳಿದರಾಯಿತು ಎಂದುಕೊಂಡಳು. ಪಾಸಾಗಲಿ ದೇವರೇ ಎಂದು ಅವಳು ಬೇಡಿಕೊಂಡದ್ದು ಸುಳ್ಳಲ್ಲ. ತನ್ನ ಪರೀಕ್ಷೆಗೂ ಅವಳು ಹೀಗೆ ಬೇಡಿಕೊಂಡಿರಲಿಲ್ಲ.

ಮುದುಕರು ಚೆನ್ನಾಗಿಯೇ ಓಡಿಸಿದರು. ಸಿಗ್ನಲ್ ಸರಿಯಾಯಿತು. ಎಡ ತಿರುವು, ಬಲ ತಿರುವು ಸರಿಯಾದವು. ನಿಲ್ಲುವ ಗೆರೆಯಲ್ಲಿ ಕಾರಿನ ಮೂತಿ ಒಂದಿಷ್ಟು ಮುಂದೆ ಹೋಯಿತು, ಹತ್ತು ಅಂಕ ಕಳೆದಳು. ತೊಂಬತ್ತು ಉಳಿಯಿತು. ಉಳಿದದ್ದು ಮೆಟ್ಟಿಲು ಒಂದೇ. ಗೇಣುದ್ದವೂ ಇಲ್ಲದ ಎತ್ತರಕ್ಕೆ ಮುಂದಿನ ಚಕ್ರ ಹತ್ತಿಸಬೇಕು. ಹತ್ತಿದ ತಕ್ಷಣ ಕಾಲು ಬದಲಿಸಿ ಬ್ರೇಕ್ ಒತ್ತಿ ನಿಲ್ಲಿಸಬೇಕು. ವಯಸ್ಸಾದವರ ಕಾಲು ತಡವರಿಸುತ್ತದೆಯೇ ಎಂದು ನೋಡುವುದು ಅಲ್ಲಿಯೇ.

ಮುದುಕರು ನಿಧಾನಕ್ಕೆ ಒತ್ತಿದರು. ಚಕ್ರ ಹತ್ತಿತು. ಹತ್ತಿದ ಕೂಡಲೇ ಎಂಜಿನ್ನು ಹೋ ಎಂದು ಅರಚಿತು, ಕಾರು ಮುಂದಕ್ಕೆ ನೆಗೆಯಿತು. ಅವರ ಕಾಲು ಬ್ರೇಕಿನ ಮೇಲೆ ಇರಲಿಲ್ಲ. ಅವಳ ಕಾಲು ಇತ್ತು. ಮೆದುಳಿಗೆ ತಿಳಿಯುವ ಮೊದಲೇ ಅವಳು ತನ್ನ ಬ್ರೇಕನ್ನು ನೆಲಕ್ಕೆ ಒತ್ತಿದ್ದಳು. ಕಾರು ಕುಲುಕಿ ನಿಂತಿತು.

ನಿಶಿಮೊರಿಯವರು ಹಣೆಯ ಬೆವರು ಒರೆಸಿಕೊಂಡು ಅವಳತ್ತ ತಿರುಗಿದರು. ಮುಖ ಅರಳಿತ್ತು.

"ನೋಡಿದ್ರಾ ತಾಯೀ? ಹೋದ ಸಲ ಇದರಲ್ಲೇ ಹೋಗಿತ್ತು. ಈ ಸಲ ಹೇಗೆ ನಿಲ್ಲಿಸ್ದೆ!"

ಅಯ್ಯೋ ಎಂದುಕೊಂಡಳು ಚಿಜುರು. ನಿಲ್ಲಿಸಿದ್ದು ತಾವೇ ಎಂದು ನಂಬಿಬಿಟ್ಟಿದ್ದರು ಅವರು. ತಮ್ಮ ಕಾಲು ಎಲ್ಲಿತ್ತು ಎಂಬುದು ಅವರಿಗೇ ಗೊತ್ತಿರಲಿಲ್ಲ. ಪಕ್ಕದ ಬ್ರೇಕ್ ಒತ್ತಿದರೆ ಮೂವತ್ತು ಅಂಕ ಕಳೆಯಬೇಕು. ಉಳಿಯುವುದು ಅರವತ್ತು.

ಕಾರಿನಲ್ಲಿ ಮೂರನೆಯವರಿಲ್ಲ. ಹಾಳೆಯಲ್ಲಿ ಆ ಚೌಕವನ್ನು ಖಾಲಿ ಬಿಟ್ಟರೆ ತೊಂಬತ್ತು. ಮುದುಕರಿಗೂ ಸಂದೇಹ ಬರುವುದಿಲ್ಲ, ಆಫೀಸಿಗೂ ಬರುವುದಿಲ್ಲ. ನಾಡಿದ್ದು ಭಾನುವಾರ ಏಳೂ ನಲವತ್ತಕ್ಕೆ ಆ ತೋಳು ಎಂದಿನಂತೆ ಮೇಲೇಳುತ್ತದೆ. ಅವರ ಕಾರಿಗೆ ಕ್ಲಚ್ ಇದೆ, ಅದರಲ್ಲಿ ಹೀಗೆಲ್ಲ ನೆಗೆಯಲಾರದು ಎಂದು ತನಗೆ ತಾನೇ ಹೇಳಿಕೊಂಡಳು. ಆದರೆ ವಾರದ ಉಳಿದ ದಿನ ತೋಟಕ್ಕೆ ಓಡಿಸುವುದು ಕ್ಲಚ್ಚಿಲ್ಲದ ಲಾರಿ ಎಂದು ಅವರೇ ಹೇಳಿದ್ದರು. ಆ ಲಾರಿ ದಿನವೂ ಬೆಳಿಗ್ಗೆ ಇಳಿಯುವುದು ಹಾಯಾಮಾದ ಶಾಲೆಯ ಮುಂದೆಯೇ. ಅಲ್ಲಿ ಹಳದಿ ಟೋಪಿಯ ಮಕ್ಕಳು ಸಾಲಾಗಿ ಕೈ ಎತ್ತಿಕೊಂಡು ರಸ್ತೆ ದಾಟುತ್ತವೆ, ಮತ್ತು ಲಾರಿಯ ಎಡಗಡೆ ಸೀಟಿನಲ್ಲಿ ಯಾರ ಕಾಲೂ ಇರುವುದಿಲ್ಲ.

ಅವಳು ಮೂವತ್ತು ಎಂದು ಬರೆದಳು. ಅಂಕಿ ಎಷ್ಟು ಸೊಟ್ಟಗಾಯಿತೆಂದರೆ ಅದರ ಮೇಲೇ ಇನ್ನೊಂದು ಸಲ ತಿದ್ದಬೇಕಾಯಿತು.

ಫಲಿತಾಂಶ ಹೇಳುವ ಕೋಣೆಯಲ್ಲಿ ನಿಶಿಮೊರಿಯವರು ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದರು. ಅವಳು ಹಾಳೆಯನ್ನು ಅವರ ಕಡೆ ತಿರುಗಿಸಿ, ಮೆಟ್ಟಿಲಿನ ಸಾಲಿನ ಮೇಲೆ ಬೆರಳಿಟ್ಟಳು.

"ಬ್ರೇಕ್ ನೀವು ಒತ್ಲಿಲ್ಲ ನಿಶಿಮೊರಿಯವರೆ. ನಾನು ಒತ್ತಿದ್ದು."

ಮುದುಕರು ಬಹಳ ಹೊತ್ತು ಆ ಅಂಕಿಯನ್ನೇ ನೋಡಿದರು. ಜಗಳ ಆಡಲಿಲ್ಲ, ಇನ್ನೊಂದು ಸಲ ನೋಡಿ ಎನ್ನಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಹೌದಾ" ಎಂದರು. "ನನಗೆ ತಿಳೀಲೇ ಇಲ್ವಲ್ಲ. ನಾನೇ ಒತ್ತಿದೆ ಅಂತಿದ್ದೆ." ಹಾಳೆಯನ್ನು ಅವಳ ಕಡೆ ವಾಪಸ್ ಸರಿಸಿ, "ತಿಳೀದೇ ಇರೋದೇ ಕಷ್ಟ ಅಲ್ವಾ ತಾಯೀ. ತಿಳಿದು ತಪ್ಪು ಮಾಡೋನು ತಿದ್ಕೋಬಹುದು."

"ತೋಟಕ್ಕೆ ಹೇಗೆ ಹೋಗ್ತೀರಿ?"

"ಪಕ್ಕದ ಮನೆಯವನು ಇದಾನೆ, ಅವನ ಲಾರೀಲಿ. ಆ ಹಸಿರುದನ್ನ ಕೊಚಿಯ ಅಂಗಡಿಯೋನು ಬಂದು ತಗೊಂಡು ಹೋಗ್ತಾನೆ. ಈಗಿನ ರೇಟಿಗೆ ಚಕ್ಕೋತ ತೂಗ್ದಂಗೆ ತೂಗ್ತಾನೆ." ನಗಲು ನೋಡಿದರು, ಆಗಲಿಲ್ಲ. ಎದ್ದು ನಿಂತು, "ಶ್ರಮ ಕೊಟ್ಟೆ" ಎಂದು ತಲೆ ಬಾಗಿಸಿದರು. ಬಾಗಿಲ ತನಕ ಹೋದವರು ಅಲ್ಲೇ ನಿಂತು ತಿರುಗಿದರು.

"ಒಂದು ಮಾತು. ನೀವು ದಿನಾ ರಸ್ತೇಲಿರೋರು. ಆ ಕೆಂಪು ಕಾರು ಎಲ್ಲಾದ್ರೂ ಕಂಡ್ರೆ, ನಿಲ್ಸಿ ಹೇಳ್ತೀರಾ? ಹಸಿರು ಕಾರಿನ ಮುದುಕ ಸತ್ತಿಲ್ಲ, ಲೈಸೆನ್ಸ್ ಹೋಯ್ತು ಅಷ್ಟೆ ಅಂತ. ಪಾಪ, ಒಂದು ವಾರಕ್ಕೇ ಅಷ್ಟು ಗಾಬರಿಯಾಗಿದ್ರು. ಸುಮ್ನೆ ಕಾಯ್ತಾ ಕೂರ್ಬಾರದು."

"ಹೇಳ್ತೀನಿ" ಎಂದಳು ಚಿಜುರು.

ಅಷ್ಟೇ ಹೇಳಿದಳು. ಅವರ ಹೆಜ್ಜೆ ಸಪ್ಪಳ ಮೆಟ್ಟಿಲಿಳಿದು ಹೋಯಿತು. ಯಾಕೆ ಹೇಳಲಿಲ್ಲ ಎಂದು ಆ ರಾತ್ರಿಯೆಲ್ಲ ತನ್ನನ್ನೇ ಬೈದುಕೊಂಡಳು. ಹೇಡಿ, ಹೇಡಿ ಎಂದುಕೊಂಡಳು. ಆದರೆ ಏನೆಂದು ಹೇಳುವುದು? ಪ್ರತಿ ಭಾನುವಾರ ನಿಮಗೆ ಎತ್ತಿದ ಕೈ ಇದೇ, ಇವತ್ತು ನಿಮ್ಮ ಲೈಸೆನ್ಸ್ ಕಿತ್ತುಕೊಂಡದ್ದೂ ಇದೇ, ಎಂದೇ? ಅವರ ಹತ್ತಿರ ಇನ್ನು ಕಾರೂ ಇರುವುದಿಲ್ಲ. ಕೆಂಪು ಕಾರಿನ ನೆನಪೊಂದಾದರೂ ಕೆಡದೆ ಇರಲಿ ಎಂದುಕೊಂಡಳು. ಅದು ಅವರಿಗಾಗಿ ಅಂದುಕೊಂಡದ್ದೋ, ತನಗಾಗಿಯೋ, ಅವಳಿಗೇ ಗೊತ್ತಾಗಲಿಲ್ಲ.

ಭಾನುವಾರ ಹೋಗಬಾರದು ಎಂದೇ ಮಲಗಿದ್ದಳು. ಆರಕ್ಕೆ ಎಚ್ಚರವಾಯಿತು, ಏಳಕ್ಕೆ ಟೋಪಿ ತಲೆಯ ಮೇಲಿತ್ತು. ಎರಡನೇ ಸುರಂಗ ದಾಟಿ ಬೆಳಕಿಗೆ ಬಂದಾಗ ರಸ್ತೆ ಖಾಲಿ ಇತ್ತು. ಇರಲೇಬೇಕಲ್ಲ. ಗೇರು ಇಳಿಸಿ ತಿರುವಿಗೆ ಬಂದಳು. ಆಚೆ ಬದಿಯಲ್ಲಿ, ಯಾವ ಕಡೆಯಿಂದ ಹಸಿರು ಕಾರು ಬರುತ್ತಿತ್ತೋ ಆ ಬದಿಯಲ್ಲಿ, ಕಬ್ಬಿಣದ ತಡೆಗೆ ಬೆನ್ನು ಕೊಟ್ಟು ಬಿಳಿ ಟೋಪಿಯ ಮುದುಕರೊಬ್ಬರು ನಿಂತಿದ್ದರು. ಅವರ ಮನೆಯಿಂದ ಅಲ್ಲಿಗೆ ನಡೆದರೆ ಮುಕ್ಕಾಲು ಗಂಟೆಯಾದರೂ ಬೇಕು. ಕೆಂಪು ಕಾರು ಕಂಡದ್ದೇ ತೋಳನ್ನು ನೆಟ್ಟಗೆ ಆಕಾಶಕ್ಕೆ ಎತ್ತಿದರು.

ಚಿಜುರು ಕೈ ಎತ್ತಿದಳು. ನಿಲ್ಲಿಸಲಿಲ್ಲ. ಬೆಟ್ಟದ ತುದಿ ಮುಟ್ಟುವ ತನಕ ಕನ್ನಡಕದ ಒಳಗೆ ನೀರು ಸುರಿಯುತ್ತಲೇ ಇತ್ತು, ದಾರಿ ಹೇಗೆ ಕಂಡಿತೋ.

ಅದರ ಮುಂದಿನ ಭಾನುವಾರ ಅವರು ಈಚೆ ಬದಿಗೇ ಬಂದು ನಿಂತಿದ್ದರು, ಅವಳು ಹೋಗುವ ಬದಿಗೆ. ಒಂದು ಕೈ ಮೇಲೆ, ಇನ್ನೊಂದು ಕೈಯಲ್ಲಿ ಬಲೆಚೀಲದ ತುಂಬ ಚಕ್ಕೋತ. ಚೀಲವನ್ನು ಮುಂದಕ್ಕೆ ಚಾಚಿ ಹಿಡಿದಿದ್ದರು. ಕೊಡಲೆಂದೇ ತಂದದ್ದು, ನಿಲ್ಲಿಸು ಎಂದೇ ನಿಂತದ್ದು.

ಅವಳ ಕಾಲು ಬ್ರೇಕಿಗೆ ಹೋಯಿತು. ಕಾರು ನಿಧಾನವಾಯಿತು. ಇನ್ನು ಹತ್ತು ಮಾರು. ಅವರ ಮುಖದ ಗೆರೆಗಳು ಕಾಣುವಷ್ಟು ಹತ್ತಿರವಾಯಿತು. ಆ ಮುಖ ನಗುತ್ತಿತ್ತು. ನಿಲ್ಲಿಸಿದರೆ ಮಾತಾಡಬೇಕು, ಮಾತಾಡಿದರೆ ದನಿ ಗುರುತು ಹತ್ತುತ್ತದೆ. ಬ್ರೇಕ್ ನೀವು ಒತ್ಲಿಲ್ಲ ಎಂದ ದನಿ. ಆಮೇಲೆ ಈ ಮುದುಕರು ಯಾರಿಗೋಸ್ಕರ ಮುಕ್ಕಾಲು ಗಂಟೆ ನಡೆದು ಬಂದಾರು? ಭಾನುವಾರ ಬೆಳಿಗ್ಗೆ ಏಳುವುದಾದರೂ ಯಾಕೆ? ಅವಳಾದರೂ ಯಾಕೆ ಏಳಬೇಕು?

ಒಂದು ಕೈಯಲ್ಲಿ ಟೋಪಿಯ ಅಂಚನ್ನು ಮುಂದಕ್ಕೆಳೆದುಕೊಂಡು, ಇನ್ನೊಂದು ಕೈಯನ್ನು ಆದಷ್ಟು ಮೇಲಕ್ಕೆತ್ತಿ, ಮೊಣಕಾಲಲ್ಲಿ ಸ್ಟೇರಿಂಗ್ ಹಿಡಿದು ಅವಳು ದಾಟಿ ಹೋದಳು. ಕನ್ನಡಿಯಲ್ಲಿ ನೋಡಿದಳು. ಮುದುಕರು ಸ್ವಲ್ಪವೂ ಬೇಸರಪಟ್ಟಂತೆ ಕಾಣಲಿಲ್ಲ. ಚಕ್ಕೋತದ ಚೀಲದ ಸಮೇತ ಎರಡೂ ಕೈ ಎತ್ತಿ ಬೀಸುತ್ತಿದ್ದರು.

ಮುಂದಿನ ಭಾನುವಾರ ಅವಳು ಹತ್ತು ನಿಮಿಷ ಮೊದಲೇ ಮನೆ ಬಿಟ್ಟಳು. ಆ ತಿರುವಿನಲ್ಲಿ ಕೂರಲು ಒಂದು ಕಲ್ಲೂ ಇಲ್ಲ. ವಯಸ್ಸಾದವರನ್ನು ಎಷ್ಟು ಹೊತ್ತು ಅಂತ ನಿಲ್ಲಿಸುವುದು.